ತಯಾರಿಕೆ ನಿಂತ ನಿಯಂತ್ರಕಕ್ಕೆ ಬಿಡಿಭಾಗ ಎಲ್ಲಿಂದ?

ಡಿಸೆಂಬರ್ ತಿಂಗಳ ಒಂದು ರಾತ್ರಿ ಎಂದುಕೊಳ್ಳಿ. ಕಬ್ಬು ನುರಿಸುವ ಹಂಗಾಮು ಜೋರಾಗಿ ನಡೆದಿದೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಇದ್ದಕ್ಕಿದ್ದಂತೆ ಮಿಲ್ಲು ನಿಲ್ಲುತ್ತದೆ. ಮೋಟಾರು ಸುಟ್ಟಿಲ್ಲ, ರೋಲರು ಮುರಿದಿಲ್ಲ, ವಿದ್ಯುತ್ತೂ ಹೋಗಿಲ್ಲ. ಎಲೆಕ್ಟ್ರಿಷಿಯನ್ ಪ್ಯಾನೆಲ್ಲಿನ ಬಾಗಿಲು ತೆರೆದು ನೋಡಿದಾಗ, ದಪ್ಪ ಪುಸ್ತಕದಷ್ಟು ದೊಡ್ಡದಾದ ಒಂದು ಘಟಕದ ಮುಖದ ಮೇಲೆ ಹಸಿರು ದೀಪ ಆರಿ ಕೆಂಪು ದೀಪ ಹೊತ್ತಿದೆ. ಆಫ್ ಮಾಡಿ ಆನ್ ಮಾಡಿದರೂ ಕೆಂಪೇ. ಬದಲಿ ಘಟಕಕ್ಕಾಗಿ ಬೆಳಗ್ಗೆ ಕಂಪನಿಗೆ ಫೋನ್ ಮಾಡಿದರೆ ಸಿಗುವ ಉತ್ತರ: "ಆ ಮಾದರಿ ತಯಾರಿಕೆ ನಿಂತು ಬಹಳ ವರ್ಷ ಆಯ್ತು ಸಾರ್."

ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ ಒಂದು ಗಂಟೆ ನಿಂತರೆ 200 ಟನ್ನಿಗೂ ಹೆಚ್ಚು ಕಬ್ಬು ಅಂಗಳದಲ್ಲೇ ಉಳಿಯುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ. ಹೊತ್ತು ಕಳೆದಂತೆ ಅದರ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಒಡೆಯುತ್ತ ಹೋಗುತ್ತದೆ. ನಷ್ಟ ಕಾರ್ಖಾನೆಗೆ ಮಾತ್ರವಲ್ಲ, ಸಾಲಿನಲ್ಲಿ ನಿಂತ ರೈತನಿಗೂ ತಟ್ಟುತ್ತದೆ. ಕಾಗದದ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ನೂಲಿನ ಗಿರಣಿ, ಊರಿಗೆ ನೀರು ಕೊಡುವ ಪಂಪ್‌ಹೌಸ್ ಎಲ್ಲೆಡೆಯೂ ಇದೇ ಕಥೆ ನಡೆಯಬಹುದು.

ನೀವು ಇಂಥ ಕಡೆ ಕೆಲಸ ಮಾಡುತ್ತಿರಬಹುದು, ಅಥವಾ ಐ.ಟಿ.ಐ., ಡಿಪ್ಲೊಮಾ ಮುಗಿಸಿ ಮುಂದೆ ಮಾಡಲಿರಬಹುದು. ಹಳೆಯ ನಿಯಂತ್ರಣ ವ್ಯವಸ್ಥೆಗೆ ಬಿಡಿಭಾಗ ಹುಡುಕುವುದು ಅಂಗಡಿಗೆ ಹೋಗಿ ಬೇರಿಂಗ್ ತಂದಂತಲ್ಲ. ಅದು ಏಕೆ ಹಾಗೆ, ಮತ್ತು ಆ ಹುಡುಕಾಟವನ್ನು ಹಸಿರು ದೀಪ ಉರಿಯುತ್ತಿರುವಾಗಲೇ ಏಕೆ ಆರಂಭಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ರಿಲೇಯಿಂದ ಪಿಎಲ್‌ಸಿಗೆ

ಪ್ಯಾನೆಲ್ಲಿನಲ್ಲಿರುವ ಆ ಘಟಕದ ಹೆಸರು ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಚುಟುಕಾಗಿ ಪಿಎಲ್‌ಸಿ. ಅದಕ್ಕಿಂತ ಹಿಂದೆ ಯಂತ್ರಗಳ ಸರದಿಯನ್ನು ನಿರ್ಧರಿಸುತ್ತಿದ್ದವು ರಿಲೇಗಳು. "ಈ ಬಾಗಿಲು ಮುಚ್ಚಿದ್ದರೆ, ಆ ಪಂಪು ಓಡುತ್ತಿದ್ದರೆ ಮಾತ್ರ ಮೋಟಾರು ಚಾಲೂ ಆಗಲಿ" ಎಂಬ ಒಂದೊಂದು ಷರತ್ತಿಗೂ ರಿಲೇ ಮತ್ತು ತಂತಿ ಜೋಡಿಸಬೇಕಿತ್ತು. ಷರತ್ತು ಬದಲಾದರೆ ತಂತಿಯನ್ನೇ ಬಿಚ್ಚಿ ಕಟ್ಟಬೇಕು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1968ರಲ್ಲಿ ಈ ಕಿರುಕುಳಕ್ಕೆ ಪರಿಹಾರ ಕೇಳಿತು. ರಿಚರ್ಡ್ ಮಾರ್ಲಿ ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆ ರೂಪಿಸಿದ 'ಮಾಡಿಕಾನ್ 084' ಅದಕ್ಕೆ ಉತ್ತರವಾಗಿ ಬಂತು. ಅದು ಆ ಸಂಸ್ಥೆಯ 84ನೆಯ ಯೋಜನೆಯಾದ್ದರಿಂದ ಆ ಹೆಸರು. ತಂತಿಯ ಜಾಗಕ್ಕೆ ಪ್ರೋಗ್ರಾಂ ಬಂತು.

ಮುಂದಿನ ಎರಡು ದಶಕಗಳಲ್ಲಿ ಪಿಎಲ್‌ಸಿ ಎಲ್ಲ ಕಡೆ ಹರಡಿತು. ಜರ್ಮನಿಯ ಸೀಮೆನ್ಸ್ 1979ರಲ್ಲಿ 'ಸಿಮ್ಯಾಟಿಕ್ ಎಸ್5' ಶ್ರೇಣಿಯನ್ನು ತಂದಿತು. ಅಮೆರಿಕದ ಅಲೆನ್-ಬ್ರಾಡ್ಲಿ 1986ರಲ್ಲಿ 'ಪಿಎಲ್‌ಸಿ-5' ಹೊರತಂದಿತು. ಹೊರದೇಶದಿಂದ ಯಂತ್ರ ತರಿಸಿದಾಗ ಇವೂ ಯಂತ್ರದ ಜೊತೆಗೇ ನಮ್ಮಲ್ಲಿಗೆ ಬಂದವು. ಎಸ್5 ಶ್ರೇಣಿಯನ್ನು ಸೀಮೆನ್ಸ್ 2000ದ ದಶಕದಲ್ಲಿ ಹಂತಹಂತವಾಗಿ ಹಿಂತೆಗೆದುಕೊಂಡಿತು. ಪಿಎಲ್‌ಸಿ-5ರ ಮಾರಾಟ 2017ರಲ್ಲಿ ನಿಂತಿತು. ಎಸ್5ರ ನಂತರ ಬಂದ ಎಸ್7-300 ಶ್ರೇಣಿಯ ಸರದಿಯೂ ಈಗ ಬಂದಿದೆ. ಯಂತ್ರಗಳು ಮಾತ್ರ ಓಡುತ್ತಲೇ ಇವೆ.

ಯಂತ್ರ ಗಟ್ಟಿ, ಚಿಪ್‌ನ ಕಾಲ ಗಿಡ್ಡ

ಏಕೆ ಹೀಗೆ? ಒಂದು ರೋಲರು, ಗೇರ್‌ಬಾಕ್ಸು, ಟರ್ಬೈನು ಒಳ್ಳೆಯ ನಿರ್ವಹಣೆಯಲ್ಲಿ ಮೂವತ್ತು ನಲವತ್ತು ವರ್ಷ ದುಡಿಯುತ್ತದೆ. ಅದನ್ನು ಆಡಿಸುವ ನಿಯಂತ್ರಕದ ಒಳಗಿರುವ ಚಿಪ್‌ಗಳ ಕಥೆಯೇ ಬೇರೆ. ಚಿಪ್ ಕಾರ್ಖಾನೆಗಳ ದೊಡ್ಡ ಗಿರಾಕಿಗಳು ಕಂಪ್ಯೂಟರು ಮತ್ತು ಮೊಬೈಲ್ ಫೋನ್ ತಯಾರಕರು. ವರ್ಷಕ್ಕೆ ಕೆಲವು ಸಾವಿರ ಚಿಪ್ ಕೊಳ್ಳುವ ಪಿಎಲ್‌ಸಿ ಕಂಪನಿಗಾಗಿ ಹಳೆಯ ಉತ್ಪಾದನಾ ಸಾಲನ್ನು ಯಾರೂ ನಡೆಸುವುದಿಲ್ಲ. ಒಂದು ಚಿಪ್‌ನ ತಯಾರಿಕೆ ನಿಲ್ಲಿಸುವಾಗ ಗಿರಾಕಿಗಳಿಗೆ ಮುಂಚಿತವಾಗಿ ತಿಳಿಸುವ ಪದ್ಧತಿಯೊಂದಿದೆ: ಕೊನೆಯ ಆರ್ಡರ್ ಕೊಡಲು ಕನಿಷ್ಠ ಆರು ತಿಂಗಳು, ಕೊನೆಯ ಸರಕು ಪಡೆಯಲು ಒಂದು ವರ್ಷ. ಅಷ್ಟರಲ್ಲಿ ಪಿಎಲ್‌ಸಿ ಕಂಪನಿ ಒಂದೋ ಮುಂದಿನ ವರ್ಷಗಳಿಗಾಗುವಷ್ಟು ಚಿಪ್ ಕೊಂಡಿಡಬೇಕು, ಇಲ್ಲವೇ ಬೋರ್ಡನ್ನು ಹೊಸದಾಗಿ ವಿನ್ಯಾಸ ಮಾಡಬೇಕು. ಎರಡೂ ಲಾಭದಾಯಕವಲ್ಲದಿದ್ದರೆ ಆ ಮಾದರಿಯನ್ನೇ ಕೈಬಿಡುತ್ತದೆ.

ಇದಕ್ಕೆ ಕಾನೂನಿನ ತಳ್ಳು ಕೂಡ ಸೇರಿತು. ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸದಂಥ ವಿಷವಸ್ತುಗಳನ್ನು ನಿರ್ಬಂಧಿಸುವ ಯುರೋಪಿನ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂತು. ಕೈಗಾರಿಕಾ ನಿಯಂತ್ರಣ ಉಪಕರಣಗಳಿಗೆ ಆಗ ವಿನಾಯಿತಿ ಇದ್ದರೂ, ಸೀಸರಹಿತ ಬೆಸುಗೆಗೆ ಹೊರಳಿದ ಬಿಡಿಭಾಗ ತಯಾರಕರು ಹಳೆಯ ಮಾದರಿಗಳನ್ನು ಕೈಬಿಡತೊಡಗಿದರು.

ತಯಾರಕರು ಒಂದೇ ದಿನ ಬಾಗಿಲು ಹಾಕುವುದಿಲ್ಲ. ಮಾದರಿಯೊಂದು 'ಚಾಲ್ತಿ'ಯಿಂದ 'ಹಳತಾದದ್ದು', ಅಲ್ಲಿಂದ 'ಕೊನೆಯ ಖರೀದಿ', ಆಮೇಲೆ 'ಬಿಡಿಭಾಗವಾಗಿ ಮಾತ್ರ ಲಭ್ಯ', ಕಡೆಗೆ 'ಸ್ಥಗಿತ' ಎಂಬ ಮೆಟ್ಟಿಲುಗಳನ್ನು ಇಳಿಯುತ್ತದೆ. ಹೆಸರುಗಳು ಕಂಪನಿಯಿಂದ ಕಂಪನಿಗೆ ಬೇರೆ, ಕ್ರಮ ಒಂದೇ. 'ಕೊನೆಯ ಖರೀದಿ'ಯ ಪ್ರಕಟಣೆ ಬಂದಾಗ ಮೂಲ ತಯಾರಕರಿಂದ, ಖಾತರಿಯೊಡನೆ, ಹೊಸ ಘಟಕ ಕೊಳ್ಳಬಹುದು. ದುರದೃಷ್ಟವೆಂದರೆ ಆ ಪತ್ರ ಸಾಮಾನ್ಯವಾಗಿ ಖರೀದಿ ವಿಭಾಗದ ಕಡತದಲ್ಲಿ ಕುಳಿತಿರುತ್ತದೆ. ಪ್ಯಾನೆಲ್ ನೋಡಿಕೊಳ್ಳುವವನಿಗೆ ಅದು ಬಂದದ್ದೇ ಗೊತ್ತಿರುವುದಿಲ್ಲ. ಬಳಕೆ ನಿಂತ ಭಾಗಗಳ ನಿರ್ವಹಣೆಗೆಂದೇ ಅಂತಾರಾಷ್ಟ್ರೀಯ ಮಾನಕವೊಂದು (ಐಇಸಿ 62402) 2007ರಲ್ಲಿ ಬಂತು, 2019ರಲ್ಲಿ ಪರಿಷ್ಕೃತವಾಯಿತು. ಅದು ಒತ್ತಿ ಹೇಳುವುದೂ ಇದನ್ನೇ: ಭಾಗ ಕಾಣೆಯಾದ ಮೇಲೆ ಓಡಾಡಬೇಡಿ, ಕಾಣೆಯಾಗುವುದನ್ನು ಮೊದಲೇ ನಿರೀಕ್ಷಿಸಿ.

ಇನ್ನೊಂದು ತೊಡಕು, ಕಂಪನಿಗಳೇ ಕೈ ಬದಲಾಗಿರುತ್ತವೆ. ಮಾಡಿಕಾನ್ ಹೆಸರು ಇಂದು ಷ್ನೈಡರ್ ಕಂಪನಿಯದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಕೈಗಾರಿಕಾ ನಿಯಂತ್ರಣ ವಿಭಾಗ 1991ರಲ್ಲಿ ಸೀಮೆನ್ಸ್ ಪಾಲಾಯಿತು. ಜಿಇ ಪಿಎಲ್‌ಸಿಗಳು 2019ರಲ್ಲಿ ಎಮರ್ಸನ್‌ಗೆ ಸೇರಿದವು. ಫಲಕದ ಮೇಲಿನ ಹೆಸರಿಗೆ ಫೋನ್ ಮಾಡಿದರೆ ಉತ್ತರ ಸಿಗದಿರಬಹುದು, ವಾರಸುದಾರ ಯಾರೆಂದು ಮೊದಲು ಪತ್ತೆ ಮಾಡಬೇಕು.

ಮೊದಲು ನಿಮ್ಮ ಪ್ಯಾನೆಲ್ಲನ್ನೇ ಓದಿ

ಬಿಡಿಭಾಗದ ಹುಡುಕಾಟ ಮಾರುಕಟ್ಟೆಯಲ್ಲಿ ಅಲ್ಲ, ನಿಮ್ಮ ಪ್ಯಾನೆಲ್ಲಿನ ಮುಂದೆ ಕೈಯಲ್ಲಿ ಟಾರ್ಚು ಮತ್ತು ನೋಟುಪುಸ್ತಕ ಹಿಡಿದು ನಿಂತಾಗ ಆರಂಭವಾಗುತ್ತದೆ. "ಸೀಮೆನ್ಸ್ ಎಸ್5 ಸಿಪಿಯು ಬೇಕು" ಎಂದರೆ ಏನೂ ಹೇಳಿದಂತಾಗಲಿಲ್ಲ. ಪ್ರತಿ ಘಟಕಕ್ಕೂ ಒಂದು ಆರ್ಡರ್ ಸಂಖ್ಯೆ ಇದೆ. ಉದಾಹರಣೆಗೆ 6ಇಎಸ್5 942-7ಯುಬಿ11. ಇದರಲ್ಲಿ 6ಇಎಸ್5 ಎಂಬುದು ಎಸ್5 ಕುಟುಂಬವನ್ನೂ, 942 ಎಂಬುದು ಸಿಪಿಯುವಿನ ಮಾದರಿಯನ್ನೂ, ಕೊನೆಯ ಅಕ್ಷರ ಮತ್ತು ಅಂಕಿಗಳು ಅದರ ಆವೃತ್ತಿಯನ್ನೂ ಸೂಚಿಸುತ್ತವೆ. ಕೊನೆಯ ಅಂಕಿ ಬೇರೆಯಾದರೆ ಘಟಕ ಹೊಂದಬಹುದು, ಹೊಂದದಿರಲೂಬಹುದು. ಅಲೆನ್-ಬ್ರಾಡ್ಲಿಯಲ್ಲಿ 1785-ಎಲ್40ಬಿ ಎಂಬಂಥ ಸಂಖ್ಯೆಯ ಜೊತೆಗೆ ಸೀರೀಸ್ ಅಕ್ಷರ ಮತ್ತು ರಿವಿಷನ್ ಅಕ್ಷರ ಪ್ರತ್ಯೇಕವಾಗಿ ಅಚ್ಚಾಗಿರುತ್ತವೆ. ಮೂರನ್ನೂ ಬರೆದುಕೊಳ್ಳಬೇಕು.

ಹೊರಗಿನ ಆಕಾರ ಒಂದೇ ಎಂದು ನಂಬಬೇಡಿ. 24 ವೋಲ್ಟ್ ಡಿ.ಸಿ. ಒಳಸಂಕೇತ ತೆಗೆದುಕೊಳ್ಳುವ ಕಾರ್ಡೂ 230 ವೋಲ್ಟ್ ಎ.ಸಿ. ತೆಗೆದುಕೊಳ್ಳುವ ಕಾರ್ಡೂ ನೋಡಲು ಅವಳಿಗಳಂತಿರುತ್ತವೆ. ಅವಸರದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಹೊಗೆಯೇ ಗತಿ. ಹೊರಸಂಕೇತದ ಕಾರ್ಡಿನಲ್ಲಿ ರಿಲೇ ಇದೆಯೋ ಟ್ರಾನ್ಸಿಸ್ಟರ್ ಇದೆಯೋ, ಎಷ್ಟು ಆಂಪಿಯರ್ ತಾಳುತ್ತದೆ ಎಂಬುದೂ ಮುಖ್ಯ. ಕಾರ್ಡಿನ ಮೈಮೇಲಿರುವ ಪುಟ್ಟ ಸ್ವಿಚ್ಚುಗಳು ಮತ್ತು ಜಂಪರುಗಳ ಸ್ಥಿತಿಯ ಫೋಟೊ ತೆಗೆದಿಡಿ. ವಿಳಾಸ, ವೇಗ, ಅಳತೆಯ ವ್ಯಾಪ್ತಿ ಎಲ್ಲವೂ ಅಲ್ಲೇ ಅಡಗಿರುತ್ತವೆ. ಕಾರ್ಡು ಸುಟ್ಟ ಮೇಲೆ ಅವನ್ನು ಓದಲು ಸಿಗುತ್ತದೆಂಬ ಭರವಸೆ ಇಲ್ಲ.

ಈ ಪಟ್ಟಿಯ ಪಕ್ಕದಲ್ಲಿ ಎರಡು ಕಾಲಂ ಎಳೆಯಿರಿ. ಈ ಘಟಕ ಸತ್ತರೆ ಏನು ನಿಲ್ಲುತ್ತದೆ? ಇದು ಈಗ ಯಾವ ಮೆಟ್ಟಿಲಲ್ಲಿದೆ? ಇಡೀ ಮಿಲ್ಲು ನಿಲ್ಲಿಸುವ ಒಂದೇ ಒಂದು ವಿದ್ಯುತ್ ಪೂರೈಕೆ ಘಟಕವೂ, ಒಂದು ಸೂಚಕ ದೀಪ ಆರಿಸುವ ಕಾರ್ಡೂ ಒಂದೇ ತೂಕದವಲ್ಲ. ಹಣ ಎಲ್ಲಿಗೆ ಹೋಗಬೇಕೆಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಎಷ್ಟು ಇಟ್ಟುಕೊಳ್ಳಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕಾರ್ಖಾನೆಯಲ್ಲಿ ಒಂದೇ ಬಗೆಯ 20 ಕಾರ್ಡುಗಳಿವೆ, ಎಲ್ಲ ಸೇರಿ ಸರಾಸರಿ ಐದು ವರ್ಷಕ್ಕೊಂದು ಕೆಡುತ್ತದೆ ಎಂದಿಟ್ಟುಕೊಳ್ಳಿ. ಇನ್ನು ಹತ್ತು ವರ್ಷ ಓಡಿಸಬೇಕು. ಎರಡು ಬೇಕಾಗುತ್ತದೆ, ಎರಡು ಇಟ್ಟರೆ ಸಾಕು ಎಂದು ತೋರುತ್ತದೆ. ಆದರೆ 'ಎರಡು' ಎಂಬುದು ಸರಾಸರಿ ಮಾತ್ರ. ಇಂಥ ಆಕಸ್ಮಿಕ ಘಟನೆಗಳಿಗೆ ಅನ್ವಯವಾಗುವ ಪ್ವಾಸೋನ್ ಸೂತ್ರದಲ್ಲಿ ಹಾಕಿ ನೋಡಿದರೆ, ಎರಡೇ ಇಟ್ಟುಕೊಂಡಾಗ ಸಾಲದೆ ಹೋಗುವ ಸಂಭವ ಸುಮಾರು 32 ಶೇಕಡಾ. ಅಂದರೆ ಮೂರರಲ್ಲಿ ಒಂದು ಪಾಲು. ನಾಲ್ಕು ಇಟ್ಟರೆ ಆ ಸಂಭವ 5 ಶೇಕಡಾಕ್ಕೆ ಇಳಿಯುತ್ತದೆ. ಕೆಟ್ಟ ಕಾರ್ಡನ್ನು ರಿಪೇರಿ ಮಾಡಿಸಿ ಮತ್ತೆ ದಾಸ್ತಾನಿಗೆ ಸೇರಿಸುವ ವ್ಯವಸ್ಥೆ ಇದ್ದರೆ ಇನ್ನೂ ಕಡಿಮೆ ಸಾಕು. ಆದರೆ ಕಾರ್ಡುಗಳಿಗೆ ವಯಸ್ಸಾದಂತೆ ಕೆಡುವ ಪ್ರಮಾಣವೇ ಏರುತ್ತದೆ ಎಂಬುದು ಈ ಸೂತ್ರದೊಳಗಿಲ್ಲ. ಹಾಗಾಗಿ ಲೆಕ್ಕಕ್ಕಿಂತ ಒಂದು ಹೆಚ್ಚೇ ಇರಲಿ ಎಂಬುದು ನನ್ನ ಸಲಹೆ.

ಹುಡುಕುವ ದಾರಿಗಳು

ಮೊದಲ ದಾರಿ ನಿಮ್ಮದೇ ಕಾಂಪೌಂಡಿನೊಳಗೆ. ಉಗ್ರಾಣದ ಮೂಲೆಯಲ್ಲಿ, ಬೇರೆ ಹೆಸರಿನ ಲೇಬಲ್ ಅಡಿಯಲ್ಲಿ, ಬೇಕಾದ ಕಾರ್ಡು ಮಲಗಿರುವುದು ಅಪರೂಪವಲ್ಲ. ಯಂತ್ರ ಕೊಟ್ಟವನ ಪಟ್ಟಿಯಲ್ಲಿ ಅವನದೇ ಸಂಖ್ಯೆ ಇರುತ್ತದೆ, ಪಿಎಲ್‌ಸಿ ತಯಾರಕನ ಸಂಖ್ಯೆ ಇರುವುದಿಲ್ಲ. ಉಗ್ರಾಣದವರಿಗೆ ಎರಡೂ ಒಂದೇ ಎಂದು ಗೊತ್ತಿರುವುದಿಲ್ಲ. ಹಿಂದೆಯೇ ನಿಂತುಹೋದ ಯಂತ್ರದ ಪ್ಯಾನೆಲ್ಲೂ ಒಂದು ಗಣಿ.

ಎರಡನೆಯದು ಮೂಲ ತಯಾರಕರ ರಿಪೇರಿ ಸೇವೆ. ಮಾರಾಟ ನಿಂತ ಮೇಲೂ ಕೆಲವು ವರ್ಷ ಕೆಟ್ಟ ಘಟಕ ಪಡೆದು ಸರಿಪಡಿಸಿದ ಘಟಕ ಕೊಡುವ ವಿನಿಮಯ ವ್ಯವಸ್ಥೆ ಇರುವುದುಂಟು. ಆದ್ದರಿಂದ ಕೆಟ್ಟ ಕಾರ್ಡನ್ನು ಗುಜರಿಗೆ ಎಸೆಯಬೇಡಿ. ಅದೇ ನಿಮ್ಮ ನಾಣ್ಯ.

ಮೂರನೆಯದು, ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸುವ ದಾರಿ: ವ್ಯವಸ್ಥೆ ಬದಲಾಯಿಸುತ್ತಿರುವ ಇನ್ನೊಂದು ಕಾರ್ಖಾನೆ. ಒಂದೇ ಯಂತ್ರ ತಯಾರಕನಿಂದ ಒಂದೇ ಕಾಲದಲ್ಲಿ ಕೊಂಡ ಹತ್ತಾರು ಕಾರ್ಖಾನೆಗಳು ನಾಡಿನಲ್ಲಿ ಇರುತ್ತವೆ. ಅವುಗಳಲ್ಲಿ ಒಂದು ಹೊಸ ಪಿಎಲ್‌ಸಿಗೆ ಹೋದಾಗ ಹಳೆಯ ಪ್ಯಾನೆಲ್ಲಿನಿಂದ ಇಳಿಯುವ ಕಾರ್ಡುಗಳು ನಿನ್ನೆಯವರೆಗೆ ಓಡುತ್ತಿದ್ದವು, ಎಲ್ಲಿ ಹೇಗೆ ಓಡುತ್ತಿದ್ದವೆಂಬುದೂ ಗೊತ್ತು. ಮಧ್ಯವರ್ತಿಯ ಕೈಯಿಂದ ಬರುವ ಕಾರ್ಡಿಗೆ ಈ ಎರಡು ಗುಣಗಳೂ ಇರುವುದಿಲ್ಲ. ಇದೇ ಉಪಾಯವನ್ನು ಮನೆಯೊಳಗೂ ಮಾಡಬಹುದು. ಒಂದೇ ಬಗೆಯ ಮೂರು ಪ್ಯಾನೆಲ್ ಇದ್ದರೆ ಒಂದನ್ನು ಹೊಸದಕ್ಕೆ ಬದಲಾಯಿಸಿ. ಅದರಿಂದ ಇಳಿದ ಕಾರ್ಡುಗಳು ಉಳಿದೆರಡಕ್ಕೆ ಹಲವು ವರ್ಷದ ಬಿಡಿಭಾಗ. ಹೊಸ ವ್ಯವಸ್ಥೆಯ ಅನುಭವವೂ ಆದಂತಾಯಿತು.

ಇನ್ನು ಹೊಂದಾಣಿಕೆಯ ಘಟಕ ತಯಾರಿಸುವ ಬೇರೆ ಕಂಪನಿಗಳು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 505 ಶ್ರೇಣಿಗೆ ಅಮೆರಿಕದ ಸಿಟಿಐ, ಸೀಮೆನ್ಸ್ ಎಸ್7-300 ರ‍್ಯಾಕಿಗೆ ಜರ್ಮನಿಯ ವೀಪಾ (2012ರಲ್ಲಿ ಜಪಾನಿನ ಯಾಸ್ಕಾವಾ ಇದನ್ನು ಕೊಂಡಿತು) ಹೊಂದುವ ಕಾರ್ಡುಗಳನ್ನು ಮಾಡಿದವು. ಬಿಡಿ ಚಿಪ್‌ಗಳ ಮಟ್ಟದಲ್ಲಿ, ಮೂಲ ತಯಾರಕರಿಂದ ಪರವಾನಗಿ ಪಡೆದು ತಯಾರಿಕೆ ನಿಂತ ಚಿಪ್‌ಗಳನ್ನು ಒದಗಿಸುವ ರಾಚೆಸ್ಟರ್ ಎಲೆಕ್ಟ್ರಾನಿಕ್ಸ್‌ನಂಥ ಸಂಸ್ಥೆಗಳಿವೆ.

ರಿಪೇರಿಯನ್ನು ನಾವು ಕಡೆಗಣಿಸುವುದೇ ಹೆಚ್ಚು. ಕೆಟ್ಟ ಕಾರ್ಡು ಎಂದರೆ ಎಲ್ಲವೂ ಕೆಟ್ಟದ್ದೆಂದಲ್ಲ. ಒಳಹೊರ ಸಂಕೇತದ ಕಾರ್ಡುಗಳಲ್ಲಿ ಏಟು ತಿನ್ನುವುದು ಹೊರಗಿನ ತಂತಿಗೆ ಹತ್ತಿರವಿರುವ ಭಾಗಗಳು: ಫ್ಯೂಸು, ರಿಲೇ, ಟ್ರಾನ್ಸಿಸ್ಟರು, ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಕಪ್ಲರು. ಇವೆಲ್ಲ ಸಾಮಾನ್ಯ ಭಾಗಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವೋ ಇವಕ್ಕೆ ಸಮಾನವಾದವೋ ಸಿಗುತ್ತವೆ. ವಿದ್ಯುತ್ ಪೂರೈಕೆ ಘಟಕದಲ್ಲಿ ಬಹುಪಾಲು ತೊಂದರೆ ಕೆಪಾಸಿಟರಿನದು. ಒಳ್ಳೆಯ ಬೆಸುಗೆ ಕೈ ಇರುವ ತಂತ್ರಜ್ಞ ಇವನ್ನು ಬದುಕಿಸಬಲ್ಲ. ಸಿಪಿಯು ಕಾರ್ಡಿನ ಮಾತು ಬೇರೆ. ಅದರಲ್ಲಿ ತಯಾರಕ ತನಗಾಗಿಯೇ ಮಾಡಿಸಿದ ಚಿಪ್ ಇದ್ದರೆ ಅಂಗಡಿಯಲ್ಲಿ ಸಿಗದು. ಅದನ್ನು ಇನ್ನೊಂದು ಸಿಪಿಯುವಿನಿಂದಲೇ ಕೀಳಬೇಕು. ಆದ್ದರಿಂದ ಹಣ ಕಡಿಮೆ ಇದ್ದರೆ ಸಿಪಿಯು ಮತ್ತು ಸಂಪರ್ಕ ಕಾರ್ಡುಗಳನ್ನು ಕೊಂಡಿಡಿ, ಉಳಿದವನ್ನು ರಿಪೇರಿಗೆ ಬಿಡಿ.

ಕೊನೆಯ ದಾರಿ ಹಳೆಯ ಮಾಲಿನ ವ್ಯಾಪಾರಿಗಳು. ಇದು ಕೀಳಾದ ದಾರಿಯೇನಲ್ಲ. ಬಾಹ್ಯಾಕಾಶ ನೌಕೆಯ ರಾಕೆಟ್ಟುಗಳನ್ನು ಪರೀಕ್ಷಿಸುವ ಉಪಕರಣಕ್ಕಾಗಿ ಅಮೆರಿಕದ ನಾಸಾ ಹಳೆಯ ಇಂಟೆಲ್ 8086 ಚಿಪ್‌ಗಳನ್ನು ಹರಾಜು ಮಾರುಕಟ್ಟೆಗಳಲ್ಲಿ ಹುಡುಕುತ್ತಿದೆಯೆಂದು 2002ರಲ್ಲಿ ಪತ್ರಿಕೆಗಳು ಬರೆದಿದ್ದವು. ಆದರೆ ವ್ಯಾಪಾರಿ ಬಳಸುವ ಪದಗಳ ಅರ್ಥ ತಿಳಿದಿರಬೇಕು. 'ಹೊಸದು, ಸೀಲ್ ಒಡೆಯದ್ದು', 'ಹೊಸದು, ಪೆಟ್ಟಿಗೆ ಇಲ್ಲ', 'ನವೀಕರಿಸಿದ್ದು', 'ಬಳಸಿದ್ದು, ಪರೀಕ್ಷಿಸಿದ್ದು', 'ಇದ್ದ ಹಾಗೆ' ಎಂಬ ಐದಕ್ಕೂ ಬೆಲೆ ಬೇರೆ, ಅಪಾಯ ಬೇರೆ. 'ಪರೀಕ್ಷಿಸಿದ್ದು' ಎಂದರೆ ಏನು ಪರೀಕ್ಷಿಸಿದಿರಿ ಎಂದು ಕೇಳಿ. ಹಲವು ಬಾರಿ ಅದರ ಅರ್ಥ ದೀಪ ಹೊತ್ತಿತು ಎಂದಷ್ಟೇ. ಎಲ್ಲ 16 ಅಥವಾ 32 ಬಿಂದುಗಳನ್ನೂ ಒಂದೊಂದಾಗಿ ಆನ್ ಆಫ್ ಮಾಡಿ, ಕೆಲವು ಗಂಟೆ ಬಿಸಿಯಲ್ಲಿ ಓಡಿಸಿ ನೋಡಿದ್ದರೆ ಅದು ಪರೀಕ್ಷೆ.

ಅಸಲಿಯೋ, ನಕಲಿಯೋ?

ಕೊರತೆ ಇದ್ದಲ್ಲಿ ನಕಲಿ ಹುಟ್ಟುತ್ತದೆ. ಅಮೆರಿಕದ ಸೆನೆಟ್ ಸಮಿತಿಯೊಂದು ಅಲ್ಲಿಯ ರಕ್ಷಣಾ ಇಲಾಖೆಗೆ ಸರಬರಾಜಾದ ವಿದ್ಯುನ್ಮಾನ ಭಾಗಗಳನ್ನು ತನಿಖೆ ಮಾಡಿ 2012ರಲ್ಲಿ ವರದಿ ಕೊಟ್ಟಿತು. ಸುಮಾರು 1,800 ಪ್ರಕರಣಗಳು, ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಸಂಶಯಾಸ್ಪದ ಭಾಗಗಳು! ಗುಜರಿ ಬೋರ್ಡಿನಿಂದ ಬಿಸಿ ಮಾಡಿ ಕಿತ್ತ ಚಿಪ್‌ನ ಮೇಲ್ಮೈ ಉಜ್ಜಿ, ಕಪ್ಪು ಬಣ್ಣ ಬಳಿದು, ಹೊಸ ಸಂಖ್ಯೆ ಅಚ್ಚು ಹಾಕುವುದು ಸಾಮಾನ್ಯ ವಿಧಾನ. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ಬಣ್ಣ ಬಂದರೆ ಸಂಶಯಪಡಿ. (ಬಾರದಿದ್ದರೆ ಅಸಲಿ ಎಂದೇನೂ ಅಲ್ಲ, ನಕಲಿಗಾರರೂ ಕಲಿತಿದ್ದಾರೆ.)

ಚಿಪ್‌ಗಳ ಮೇಲಿನ ನಾಲ್ಕಂಕಿಯ ತಾರೀಕು ನಿಮ್ಮ ಒಳ್ಳೆಯ ಸಾಕ್ಷಿ. 8734 ಎಂದಿದ್ದರೆ 1987ನೆಯ ವರ್ಷದ 34ನೆಯ ವಾರ ತಯಾರಾದದ್ದು. ಒಂದು ಬೋರ್ಡಿನ ಚಿಪ್‌ಗಳೆಲ್ಲ ಸುಮಾರಾಗಿ ಒಂದೇ ಕಾಲದವಾಗಿರಬೇಕು. ಎಲ್ಲವೂ 87, 88ರವಾಗಿದ್ದು ಒಂದು ಮಾತ್ರ 9612 ಎಂದಿದ್ದರೆ ಆ ಬೋರ್ಡು ರಿಪೇರಿಯಾಗಿದೆ. ರಿಪೇರಿಯಾದದ್ದು ತಪ್ಪಲ್ಲ, ಅದನ್ನು 'ಹೊಸದು' ಎಂದು ಮಾರುವುದು ತಪ್ಪು. ಅಂಚಿನ ಚಿನ್ನದ ಲೇಪದ ಮೇಲೆ ಗೀರುಗಳಿದ್ದರೆ ಅದು ರ‍್ಯಾಕಿಗೆ ಹೋಗಿ ಬಂದಿದೆ ಎಂದರ್ಥ. ಹಣ ಕಟ್ಟುವ ಮೊದಲು ಅದೇ ಘಟಕದ ಪಕ್ಕದಲ್ಲಿ ಅಂದಿನ ತಾರೀಕು ಬರೆದ ಚೀಟಿ ಇಟ್ಟು ಫೋಟೊ ಕಳಿಸಲು ಕೇಳಿ. ಇಲ್ಲದ ಮಾಲನ್ನು ಮಾರುವವರು ಇಲ್ಲಿಯೇ ಜಾರಿಕೊಳ್ಳುತ್ತಾರೆ.

ಕಪಾಟಿನಲ್ಲೂ ವಯಸ್ಸಾಗುತ್ತದೆ

ಕೊಂಡು ತಂದು ಕಪಾಟಿನಲ್ಲಿಟ್ಟರೆ ಕೆಲಸ ಮುಗಿಯಿತೇ? ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಜೋಪಾನ ಮಾಡಿದ್ದ ಬದಲಿ ಘಟಕವನ್ನು ಹೊರತೆಗೆದಾಗ, ಅದರೊಳಗೇ ಬಿಟ್ಟಿದ್ದ ಬ್ಯಾಟರಿ ಸೋರಿ ಹಿತ್ತಾಳೆಯ ಕೊಂಡಿಗಳನ್ನೂ ಬೋರ್ಡಿನ ತಾಮ್ರದ ಗೆರೆಗಳನ್ನೂ ತಿಂದುಹಾಕಿದ್ದನ್ನು ನಾನು ಕಂಡಿದ್ದೇನೆ. ಪೆಟ್ಟಿಗೆಯ ಮೇಲೆ 'ಹೊಸದು' ಎಂಬ ಚೀಟಿ ಹಾಗೆಯೇ ಇತ್ತು.

ವಿದ್ಯುನ್ಮಾನ ಭಾಗಗಳಲ್ಲಿ ಬೇಗ ಮುಪ್ಪಾಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರೊಳಗೆ ದ್ರವವಿದೆ, ಅದು ನಿಧಾನವಾಗಿ ಆರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಸ್ಸು ಎರಡರಷ್ಟಾಗುತ್ತದೆ ಎಂಬುದು ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 65 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಎಡೆಬಿಡದೆ ಓಡಿದರೆ ಮೂರೂವರೆ ವರ್ಷಕ್ಕೆ ತುಸು ಹೆಚ್ಚು ಬಾಳುತ್ತದೆ. 45 ಡಿಗ್ರಿಯಲ್ಲಿ 1,28,000 ಗಂಟೆ, ಹದಿನಾಲ್ಕು ವರ್ಷಕ್ಕೂ ಹೆಚ್ಚು. ಪ್ಯಾನೆಲ್ಲಿನ ಫ್ಯಾನಿನ ಜಾಲರಿಗೆ ಹಿಡಿದ ಧೂಳನ್ನು ತಿಂಗಳಿಗೊಮ್ಮೆ ಕೊಡವುವುದರ ಬೆಲೆ ಈಗ ತಿಳಿಯಿತಲ್ಲವೇ? ಹುಡುಕಬೇಕಾಗದ ಬಿಡಿಭಾಗವೇ ಅತಿ ಅಗ್ಗದ್ದು.

ಬಳಸದೆ ಇಟ್ಟ ಕೆಪಾಸಿಟರಿನಲ್ಲಿ ಬೇರೆ ತೊಂದರೆ. ಅದರ ಅಲ್ಯುಮಿನಿಯಮ್ ಹಾಳೆಯ ಮೇಲಿರುವ ತೆಳು ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆಯುವುದು. ವರ್ಷಗಟ್ಟಲೆ ವೋಲ್ಟೇಜ್ ಇಲ್ಲದಿದ್ದರೆ ಆ ಪದರ ದುರ್ಬಲವಾಗುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಹೆಚ್ಚು ಕರೆಂಟು ಹರಿದು ಸಿಡಿಯಬಹುದು. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳಲ್ಲಿ ಇದು ಹೆಚ್ಚು. ಬಹುಕಾಲ ಇಟ್ಟ ಡ್ರೈವ್‌ಗೆ ವೋಲ್ಟೇಜನ್ನು ಹಂತಹಂತವಾಗಿ ಏರಿಸುವ ಕ್ರಮ ತಯಾರಕರ ಕೈಪಿಡಿಯಲ್ಲೇ ಇರುತ್ತದೆ. ವಿದ್ಯುತ್ ಪೂರೈಕೆ ಘಟಕಗಳನ್ನು ವರ್ಷಕ್ಕೊಮ್ಮೆ ಕೆಲವು ಗಂಟೆ ಆನ್ ಮಾಡಿಡಿ. ಉಳಿದಂತೆ ಸ್ಥಾಯಿವಿದ್ಯುತ್ ತಡೆಯುವ ಚೀಲ, ತೇವ ಹೀರುವ ಸಿಲಿಕಾ ಜೆಲ್, ಬ್ಯಾಟರಿ ಹೊರಗೆ. ಗಂಧಕದ ಹೊಗೆ ಆಡುವ ಸಕ್ಕರೆ ಕಾರ್ಖಾನೆಯಲ್ಲಾಗಲಿ, ಉಪ್ಪುಗಾಳಿಯ ಕರಾವಳಿಯಲ್ಲಾಗಲಿ ಗಾಳಿಯಾಡದ ಡಬ್ಬಿ ಬೇಕೇ ಬೇಕು.

ಹಂಗಾಮು ಮುಗಿದು ಮಿಲ್ಲು ನಿಂತಾಗ ಬದಲಿ ಸಿಪಿಯುವನ್ನು ನಿಜವಾಗಿ ರ‍್ಯಾಕಿಗೆ ಹಾಕಿ ಓಡಿಸಿ ನೋಡಿ. ಹಾಗೆ ಮಾಡುವವರು ಕಡಿಮೆ. ಓಡಿಸಿ ನೋಡದ ಬದಲಿ ಭಾಗವನ್ನು ದಾಸ್ತಾನಿನಲ್ಲಿ ಲೆಕ್ಕ ಹಿಡಿಯಬೇಡಿ.

ಪ್ರೋಗ್ರಾಂ ಇಲ್ಲದ ಸಿಪಿಯು

ಸರಿಯಾದ ಸಂಖ್ಯೆಯ, ಅಸಲಿ, ಓಡುವ ಸಿಪಿಯು ಕೈಗೆ ಬಂತು. ಹಾಕಿದಿರಿ. ಆದರೂ ಮಿಲ್ಲು ತಿರುಗುವುದಿಲ್ಲ. ಏಕೆಂದರೆ ಅದರಲ್ಲಿ ನಿಮ್ಮ ಪ್ರೋಗ್ರಾಂ ಇಲ್ಲ.

ಹಳೆಯ ಪಿಎಲ್‌ಸಿಗಳಲ್ಲಿ ಪ್ರೋಗ್ರಾಂ ಎರಡು ಕಡೆ ಇರಬಹುದು. ಒಂದು, ಬ್ಯಾಟರಿಯ ಆಸರೆಯ ರ‍್ಯಾಮ್. ಬ್ಯಾಟರಿ ಸತ್ತು, ವಿದ್ಯುತ್ತೂ ಹೋದರೆ ಪ್ರೋಗ್ರಾಂ ಮಾಯ. ಎಸ್5ರಲ್ಲಿ ಬ್ಯಾಟರಿಯನ್ನು ವಿದ್ಯುತ್ ಇರುವಾಗಲೇ ಬದಲಾಯಿಸಬೇಕು. ಇದನ್ನರಿಯದೆ 'ಸುರಕ್ಷತೆಗಾಗಿ' ಆಫ್ ಮಾಡಿ ಬ್ಯಾಟರಿ ತೆಗೆದು ಇಡೀ ಪ್ರೋಗ್ರಾಂ ಕಳೆದುಕೊಂಡವರಿದ್ದಾರೆ. ಇನ್ನೊಂದು, ಇಪ್ರಾಮ್ ಚಿಪ್. ಇದರ ಗಾಜಿನ ಕಿಟಕಿಯ ಮೂಲಕ ಅತಿನೇರಳೆ ಕಿರಣ ಬಿದ್ದರೆ ಬರಹ ಅಳಿಯುತ್ತದೆ. ಅದಕ್ಕೇ ಕಿಟಕಿಗೆ ಚೀಟಿ ಅಂಟಿಸಿರುವುದು, ಅದನ್ನು ಕೀಳಬೇಡಿ. ಕಿರಣ ಬೀಳದಿದ್ದರೂ ಒಳಗಿನ ವಿದ್ಯುದಂಶ ದಶಕಗಳಲ್ಲಿ ಸೋರುತ್ತದೆ. ಆದ್ದರಿಂದ ಈಗಲೇ ಓದಿ ಕಡತವಾಗಿ ಉಳಿಸಿ, ಜೊತೆಗೊಂದು ಅವಳಿ ಪ್ರತಿ ಮಾಡಿಡಿ.

ಓದಲು ಉಪಕರಣವೂ ಬೇಕು. ಎಸ್5 ಸಿಪಿಯುವಿನ ಮುಖದಲ್ಲಿರುವುದು 15 ಪಿನ್ನಿನ ಕಿಂಡಿ, ಅದರಲ್ಲಿ ಸಂಕೇತ ಸಾಗುವುದು 20 ಮಿಲಿಆಂಪಿಯರ್ ಕರೆಂಟ್ ಲೂಪ್ ರೂಪದಲ್ಲಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಯುಎಸ್‌ಬಿ-ಸೀರಿಯಲ್ ಕೇಬಲ್ ನೇರವಾಗಿ ಹೊಂದುವುದಿಲ್ಲ, ನಡುವೆ ಪರಿವರ್ತಕ ಬೇಕು. ಸ್ಟೆಪ್5 ತಂತ್ರಾಂಶ ಬೇಕು, ಅದು ಓಡುವ ಹಳೆಯ ಕಂಪ್ಯೂಟರು ಬೇಕು. ಅದನ್ನು ಅಂತರಜಾಲಕ್ಕೆ ಜೋಡಿಸಲೇಬೇಡಿ. ಸಿಪಿಯುವಿನಿಂದ ಓದಿದಾಗ ಆಜ್ಞೆಗಳು ಮಾತ್ರ ಬರುತ್ತವೆ. 'ಇದು ಎರಡನೇ ಮಿಲ್ಲಿನ ಲೂಬ್ರಿಕೇಷನ್ ಪಂಪು' ಎಂಬಂಥ ಟಿಪ್ಪಣಿಗಳು, ಸಂಕೇತನಾಮಗಳು ಬರುವುದಿಲ್ಲ. ಅವು ಯಂತ್ರ ಸ್ಥಾಪಿಸಿದವನ ಫ್ಲಾಪಿಯಲ್ಲಿ ಮಾತ್ರ ಇದ್ದವು. ಆ ಫ್ಲಾಪಿಗಳು ಮೇನೇಜರ ಮೇಜಿನ ಖಾನೆಯಲ್ಲಿ ಇನ್ನೂ ಇದ್ದರೆ ಇಂದೇ ನಕಲು ಮಾಡಿಕೊಳ್ಳಿ. ಬಿಡಿಭಾಗಗಳ ಪಟ್ಟಿಯಲ್ಲಿ ಕೇಬಲ್, ಪರಿವರ್ತಕ, ತಂತ್ರಾಂಶ, ಹಳೆಯ ಲ್ಯಾಪ್‌ಟಾಪ್ ಇವೂ ಸೇರಬೇಕು.

ಎಲ್ಲಿ ಹಳೆಯದು ಸಲ್ಲದು

ಒಂದು ಗೆರೆ ಎಳೆಯಲೇಬೇಕು. ಬಾಯ್ಲರಿನ ನೀರಿನ ಮಟ್ಟ ಇಳಿದಾಗ ಇಂಧನ ನಿಲ್ಲಿಸುವ ಮಂಡಲ, ಜ್ವಾಲೆ ಆರಿದ್ದನ್ನು ಪತ್ತೆ ಮಾಡುವ ಘಟಕ, ತುರ್ತು ನಿಲುಗಡೆಯ ರಿಲೇ – ಇವಕ್ಕೆ ಪೂರ್ವಾಪರ ಗೊತ್ತಿಲ್ಲದ ಹಳೆಯ ಭಾಗ ಹಾಕಬಾರದು. ಅದಕ್ಕಿಂತ ಕೆಟ್ಟದ್ದು, ಭಾಗ ಸಿಗುವವರೆಗೆ ಎಂದು ಎರಡು ತಂತಿ ಸೇರಿಸಿ ಬೈಪಾಸ್ ಮಾಡುವುದು. ಸಾಲಿನಲ್ಲಿ ಟ್ರ್ಯಾಕ್ಟರುಗಳಿದ್ದಾಗ ಆ ಒತ್ತಡ ಎಷ್ಟಿರುತ್ತದೆಂದು ಬಲ್ಲೆ. ಆದರೆ ಆ ತಂತಿ ಸೇರಿಸುವವನೇ ಬಾಯ್ಲರಿನ ಹತ್ತಿರ ನಿಲ್ಲುವವನು. ಇಂಥ ಸುರಕ್ಷತಾ ಘಟಕಗಳ ಮಟ್ಟಿಗೆ 'ಕೊನೆಯ ಖರೀದಿ'ಯ ಪತ್ರ ಬಂದ ದಿನವೇ ಹೊಸ ವ್ಯವಸ್ಥೆಯ ಕೆಲಸ ಶುರುವಾಗಬೇಕು.

ಉಳಿದದ್ದಕ್ಕೂ ಒಂದು ದಿನ ಬದಲಾವಣೆ ಬಂದೇ ಬರುತ್ತದೆ. ದಾಸ್ತಾನಿನಲ್ಲಿ ಸಿಪಿಯು ಒಂದಕ್ಕೆ ಇಳಿದಾಗ, ಅಥವಾ ಆ ಪ್ರೋಗ್ರಾಂ ಓದಬಲ್ಲ ಕೊನೆಯ ನೌಕರ ನಿವೃತ್ತನಾಗುವ ವರ್ಷ ಹತ್ತಿರವಾದಾಗ, ಹೊಸದಕ್ಕೆ ಹೋಗುವ ಯೋಜನೆ ಮೇಜಿನ ಮೇಲಿರಬೇಕು. ಹಂಗಾಮು ಇಲ್ಲದ ತಿಂಗಳುಗಳಲ್ಲಿ ಆ ಕೆಲಸ ನಡೆಯಲಿ. ಅಂದು ಇಳಿಸಿದ ರ‍್ಯಾಕನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುನ್ನ ಒಂದೊಂದು ಕಾರ್ಡಿಗೂ ಚೀಟಿ ಕಟ್ಟಿ: ಆರ್ಡರ್ ಸಂಖ್ಯೆ, ಆವೃತ್ತಿ, ಯಾವ ತಾರೀಕಿನವರೆಗೆ ಎಲ್ಲಿ ಓಡುತ್ತಿತ್ತು, ಯಾವ ಬಿಂದು ಕೆಟ್ಟಿದೆ. ಬ್ಯಾಟರಿ ತೆಗೆದು, ಚೀಲಕ್ಕೆ ಹಾಕಿ, ಅದೇ ಯಂತ್ರವಿರುವ ನೆರೆಯ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗಕ್ಕೆ ಒಂದು ಫೋನ್ ಮಾಡಿ.